ಪ್ರೆಸ್ ಶಾಪಿನ ಕಾಕಾ

ಕಾಕಾರ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು, ಎರಡೇ. ನಡುವಿನ ಮೂರು ಬುಡದಿಂದಲೇ ಹೋಗಿದ್ದವು. ಆ ಜಾಗದ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ಉಳಿದ ಎರಡರಲ್ಲೇ ಅವರು ರೊಟ್ಟಿ ಮುರಿಯುತ್ತಿದ್ದರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅದೇ ಎರಡರಲ್ಲಿ ನನ್ನ ಕಿವಿ ಹಿಂಡಿದರೆ ಇಕ್ಕಳ ಹಾಕಿದಂತೆ ಉರಿಯುತ್ತಿತ್ತು. ನಾಸಿಕ್‌ನ ಕಾರ್ಖಾನೆ ಪ್ರದೇಶವಾದ ಅಂಬಡಿನ ಬಾಡಿಗೆ ಖೋಲಿಗಳ ಸಾಲಿನಲ್ಲಿ ಅವರದು ನಮ್ಮ ಪಕ್ಕದ ಖೋಲಿ. ನನ್ನಪ್ಪನೂ ಅವರೂ ಭಾಲ್ಕಿ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದವರು. ಅಪ್ಪ ಎಲೆಕ್ಟ್ರಿಕ್ ಸಾಮಾನಿನ ಕಾರ್ಖಾನೆ ಸೇರಿದರು. ಕಾಕಾ ಪವರ್ ಪ್ರೆಸ್ ಹಿಡಿದರು, ದಪ್ಪ ತಗಡನ್ನು ಒಂದೇ ಏಟಿಗೆ ಕತ್ತರಿಸಿ ಬಗ್ಗಿಸುವ ಯಂತ್ರ. ಬೆರಳು ತಿಂದದ್ದೂ ಅದೇ.

ಅವರ ಸಿಟ್ಟು ಇಡೀ ಖೋಲಿ ಸಾಲಿಗೆ ಗೊತ್ತಿತ್ತು. ವರ್ಷಗಟ್ಟಲೆ ಪ್ರೆಸ್ಸಿನ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿದ್ದರಿಂದ ಕೂಗಿಯೇ ಮಾತಾಡುತ್ತಿದ್ದರು, ಪ್ರೀತಿಯ ಮಾತೂ ಜಗಳದ ಹಾಗೆ ಕೇಳುತ್ತಿತ್ತು. ಜಗಳಕ್ಕೇ ನಿಂತರಂತೂ ಕೇಳುವುದೇ ಬೇಡ. ಹೆಂಡತಿಗೆ ಹೊಡೆಯುತ್ತಿದ್ದ ಬಾಡಿಗೆದಾರನೊಬ್ಬನ ಕತ್ತನ್ನು ನಲ್ಲಿಯ ಕಟ್ಟೆಗೆ ಒತ್ತಿ ಹಿಡಿದು, "ಇನ್ನೊಮ್ಮಿ ಕೈ ಎತ್ತಿದ್ರ ಆ ಕೈ ಪ್ರೆಸ್ಸಿನಾಗ ಇಡ್ತೀನಿ ಮಗನ, ನೋಡು" ಅಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾರದೊಳಗೆ ಅವನು ಖೋಲಿ ಖಾಲಿ ಮಾಡಿದ.

ನಾನು ಕಂಪ್ಯೂಟರ್ ಓದಿ ನಾಸಿಕ್‌ನ ಸಾಫ್ಟ್‌ವೇರ್ ಡೆವಲಪರ್‌ಗಳ ಗುಂಪು ಸೇರಿದೆ. ನಾವೂ ನಾಲ್ಕು ತಾಸಿನ ದಾರಿಯ ಸಂಭಾಜಿನಗರದವರೂ ಕೂಡಿ ವರ್ಷಕ್ಕೊಂದು ಸಮ್ಮೇಳನ ಮಾಡುತ್ತಿದ್ದೆವು, ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಪುಣೆ, ಮುಂಬೈ ಅಂತ ಓಡಾಡಲಾಗದವರು ತಾವೇ ಕುರ್ಚಿ ಹೊತ್ತು, ತಾವೇ ಚಹಾ ಹಂಚಿ ನಡೆಸುವ ಕಾರ್ಯಕ್ರಮ. ಒಂದು ವರ್ಷ ಜನ ಕಮ್ಮಿ ಬಿದ್ದಾಗ ಕಾಕಾರನ್ನು ಕರೆದೆ. ಶನಿವಾರ ಅವರಿಗೆ ವಾರದ ರಜೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕುರ್ಚಿ ಹೊತ್ತವರು ಮನೆಗೆ ಹೋಗಲಿಲ್ಲ, ಕೊನೆಯ ಸಾಲಿನಲ್ಲಿ ಕೂತುಬಿಟ್ಟರು. ಮುಂದೆ ಒಂದು ಸಲವೂ ತಪ್ಪಿಸಲಿಲ್ಲ. ಸಮಯ ಕಾಯುವ ಕೆಲಸವನ್ನು ತಾವಾಗಿಯೇ ಕೇಳಿ ಪಡೆದರು. ಭಾಷಣಕಾರರ ಹೊತ್ತು ಮುಗಿದರೆ ಕಬ್ಬಿಣದ ಪಟ್ಟಿಗೆ ಸರಳಿನಿಂದ ಬಡಿಯುವುದು, ಆಗಲೂ ನಿಲ್ಲಿಸದಿದ್ದರೆ ವೇದಿಕೆ ಹತ್ತುವುದು. ಪುಣೆಯಿಂದ ಬಂದ ದೊಡ್ಡ ಸಾಹೇಬರೊಬ್ಬರನ್ನು ರಟ್ಟೆ ಹಿಡಿದು ಇಳಿಸಿದ್ದೂ ಉಂಟು. ನಾನು ನಾಚಿಕೆಯಿಂದ ಸತ್ತೆ. ಹುಡುಗರೆಲ್ಲ ಸಿಳ್ಳೆ ಹೊಡೆದರು.

ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಪಕ್ಕದವರಿಂದ ಕೇಳಿ ತಿಳಿದುಕೊಂಡು, ಪ್ರತಿ ಭಾಷಣದ ಕೊನೆಗೆ ಎದ್ದು ನಿಂತು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದು ಕೆಟ್ಟರೆ ಏಟು ಯಾರಿಗೆ? ಹೋಟೆಲಿನಲ್ಲಿ ಮೇಜು ಕಾದಿರಿಸುವ ಆ್ಯಪ್ ಮಾಡಿದವನೊಬ್ಬ ನಗುತ್ತಾ, "ಯಾರಿಗೂ ಇಲ್ಲ ಕಾಕಾ" ಅಂದ. ಇವರು ನನ್ನ ಕಡೆ ತಿರುಗಿ ಇಡೀ ಸಭೆಗೆ ಕೇಳುವಂತೆ, "ಹಾಂಗಿದ್ರ ಇವಾ ಯಾಕ ಇಷ್ಟೊತ್ತು ತಲಿ ತಿಂದಾನ ಬೇ?" ಅಂದರು. ಪುಣ್ಯಕ್ಕೆ ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಆ ಪ್ರಶ್ನೆ ಕೇಳಿ ಕೇಳಿಯೇ ನಾನು ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಪ್ರೆಸ್ಸಿಗೊಂದು ಕಾವಲು ಪೆಟ್ಟಿಗೆ ಮಾಡಿದೆ. ಯಂತ್ರದ ಬಾಯಿಗೆ ಅಡ್ಡಲಾಗಿ ಬೆಳಕಿನ ಕಿರಣಗಳು. ಕೈ ಒಳಗೆ ಹೋಯಿತೋ, ಪ್ರೆಸ್ ಇದ್ದಲ್ಲೇ ನಿಲ್ಲಬೇಕು. ನಾಸಿಕ್ ಸಮ್ಮೇಳನದಲ್ಲಿ ಅದನ್ನು ತೋರಿಸಲು ಇಟ್ಟಾಗ, ಮುತ್ತಿಕೊಂಡವರ ಕೈ ಅಡ್ಡ ಬಂದು ಪ್ರೆಸ್ಸಿನ ಮಾದರಿ ನಿಮಿಷಕ್ಕೊಮ್ಮೆ ನಿಂತುಬಿಡುತ್ತಿತ್ತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ರೇಗಿ ಅಲ್ಲೇ ಕೂತು ಕೋಡಿನಲ್ಲೊಂದು ಕಳ್ಳದಾರಿ ಬರೆದೆ: ಪೆಟ್ಟಿಗೆಯ ಮೇಲಿನ ಹಸಿರು ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಅದು ಕಿರಣಗಳನ್ನು ನೋಡುವುದೇ ಇಲ್ಲ. ಪ್ರದರ್ಶನಕ್ಕೆ ಮಾತ್ರ, ನಾಳೆ ತೆಗೆದರಾಯಿತು ಅಂದುಕೊಂಡೆ. ತೆಗೆಯಲಿಲ್ಲ, ಮರೆತೆ. ಅದೇ ಕೋಡು ನಾವು ಮಾರಿದ ಹನ್ನೊಂದು ಪೆಟ್ಟಿಗೆಗಳಿಗೆ ಹೋಯಿತು. ನಾನು ಗುಂಡಿ ಒತ್ತಿದ್ದನ್ನು ಎದುರಿಗೆ ನಿಂತು ನೋಡಿದವರಲ್ಲಿ ಸಂಭಾಜಿನಗರದ ಹೊರಗಿನ ಶೇಂದ್ರಾದ ಒಂದು ಕಾರ್ಖಾನೆಯ ಸೂಪರ್‌ವೈಸರ್ ಕೂಡ ಇದ್ದ.

ಆ ಕಾರ್ಖಾನೆ ಒಂದು ಪೆಟ್ಟಿಗೆ ಕೊಂಡಿತು. ಹೊಸಬರಿಗೆ ಪ್ರೆಸ್ ಕಲಿಸಲು ಕಾಕಾರನ್ನೂ ಒಂದು ತಿಂಗಳಿಗೆ ಕರೆಸಿಕೊಂಡಿತು. ಕಲಿತವರಲ್ಲಿ ಆಳಂದದ ಕಡೆಯ ಹೆಣ್ಣುಮಗಳೊಬ್ಬಳಿದ್ದಳು, ಕಟ್ಟಡದ ಮೇಲೆ ಇಟ್ಟಿಗೆ ಹೊರುವುದು ಬಿಟ್ಟು ಬಂದವಳು. ಯಂತ್ರ ಕಂಡು ಹೆದರಿದವಳಿಗೆ ಕಾಕಾ, "ಅಂಜಬ್ಯಾಡ ತಂಗಿ, ಈ ಬೆಳಕು ನನ್ನ ಮಗಳೇ ಮಾಡ್ಯಾಳ" ಅಂದಿದ್ದರಂತೆ. ಮಗಳು ಅಂದರೆ ನಾನು. ಕಾಕಾ ಅಂಬಡಿಗೆ ಮರಳಿದ ಮೇಲೆ ಸೂಪರ್‌ವೈಸರ್ ಕೆಲಸ ಬೇಗ ಸಾಗಲೆಂದು ದಿನವೂ ಬೆಳಿಗ್ಗೆ ಹಸಿರು ಗುಂಡಿ ಒತ್ತತೊಡಗಿದ. ಒಂದು ದಿನ ಅವಳ ಎರಡೂ ಕೈ ಒಳಗಿದ್ದಾಗ ಪ್ರೆಸ್ ಇಳಿಯಿತು.

ಸುದ್ದಿ ಕೇಳಿ ಸಂಭಾಜಿನಗರದ ಆಸ್ಪತ್ರೆಗೆ ಓಡಿದ ಕಾಕಾ, ಗುಂಡಿಯ ವಿಷಯವನ್ನು ಅಲ್ಲಿದ್ದ ಕೆಲಸಗಾರರಿಂದ ತಿಳಿದು ನೇರವಾಗಿ ನಾಸಿಕ್‌ನ ನನ್ನ ಆಫೀಸಿಗೆ ಬಂದರು. ಅಂಗಿಯ ತುಂಬ ಒಣಗಿದ ರಕ್ತ. ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ, ಚೂರುಚೂರಾಗುವ ತನಕ ತುಳಿದರು. "ಹಸರ ಗುಂಡಿ ಯಾರು ಬರ್ದಾರ?"

"ನಾನ್ರಿ ಕಾಕಾ."

ಕೆನ್ನೆಗೆ ಬಿದ್ದ ಏಟಿಗೆ ಹಲ್ಲು ತುಟಿಗೆ ನಾಟಿ ಬಾಯಿ ತುಂಬ ರಕ್ತ ಬಂತು. "ಎರಡೂ ಕೈ ಹೋದ್ವು ಬೇ! ಮಣಿಕಟ್ಟಿನ ತನಕ! ಚೀಲದಾಗ ಹಾಕಿ ನನ್ನ ಕೈಯಾಗೇ ಕೊಟ್ಟಾರ!" ಅಂತ ಕೂಗಿದವರು ಕುಸಿದು ಕೂತು ಹಣೆ ಹಣೆ ಚಚ್ಚಿಕೊಂಡರು. "ನಾ ಹೇಳೀನಂತ ಆಕಿ ಕೈ ಇಟ್ಟಾಳ. ನಾ ಹೇಳೀನಂತ."

ತಪ್ಪು ಕೆಲಸಗಾರ್ತಿಯದೇ ಎಂದು ಬರೆದು, ಕಾರ್ಖಾನೆ ಮರುದಿನವೇ ಅದೇ ಪ್ರೆಸ್ಸಿಗೆ ಇನ್ನೊಬ್ಬಳನ್ನು ನಿಲ್ಲಿಸಿತ್ತು. ನಮ್ಮನ್ನು ಗೇಟಿನೊಳಗೆ ಬಿಡಲಿಲ್ಲ. ಬಾಯಿ ಬಿಟ್ಟರೆ ಜೈಲು, ಸುಮ್ಮನಿರು ಎಂದು ಗೆಳೆಯರು ಕೈ ಮುಗಿದರು. ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಎಂದು ನನಗೂ ಅನ್ನಿಸಿತು. ಆ ಶನಿವಾರವೇ ಸಂಭಾಜಿನಗರದಲ್ಲಿ ಸಮ್ಮೇಳನ, ಅದರಲ್ಲಿ ಇದೇ ಪೆಟ್ಟಿಗೆಯ ಬಗ್ಗೆ ನನ್ನ ಭಾಷಣ. ಕಾಕಾ ಅಂದರು: "ಮಂದಿ ಮುಂದ ಹೇಳ್ತಿ. ಇಲ್ಲಂದ್ರ ಇನ್ನ ನನ್ನ ಬಾಗಲಾ ತುಳಿಬ್ಯಾಡ."

ಹೇಳಿದೆ. ಆ ನಾಲ್ಕು ಸಾಲು ಕೋಡನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಇದನ್ನು ಬರೆದವಳು ನಾನು, ಇದರಿಂದ ಒಬ್ಬಳ ಕೈ ಹೋದವು ಎಂದೆ. ಯಾರೋ ಎಸೆದ ನೀರಿನ ಬಾಟಲಿ ನನ್ನ ಹೆಗಲಿಗೆ ಬಡಿಯಿತು. ಬೈಗುಳ ಎದ್ದವು. ಆಗ ಹಿಂದಿನ ಸಾಲಿನಿಂದ ವಿದ್ಯಾರ್ಥಿನಿಯೊಬ್ಬಳು ಮರಾಠಿಯಲ್ಲಿ ಕಿರುಚಿದಳು: "ಬೈಯುವುದು ಆಮೇಲೆ! ಉಳಿದ ಪೆಟ್ಟಿಗೆ ಎಲ್ಲಿವೆ, ಅದನ್ನು ಕೇಳಿ!" ಅರ್ಧ ಗಂಟೆಯಲ್ಲಿ ಸಭೆ ಗುಂಪುಗಳಾಗಿ ಒಡೆಯಿತು. ಕೆಲವರು ಕಳ್ಳದಾರಿ ತೆಗೆದು ಹೊಸ ಕೋಡು ಪರೀಕ್ಷಿಸಿದರು, ಕೆಲವರು ನಾಸಿಕ್‌ನಲ್ಲಿದ್ದ ಗೆಳೆಯರನ್ನು ಫೋನ್ ಮಾಡಿ ಎಬ್ಬಿಸಿ, ಉಳಿದ ಪೆಟ್ಟಿಗೆಗಳಿದ್ದ ಅಂಬಡಿಗೆ ಓಡಿಸಿದರು. ಊಟದ ಪಾತ್ರೆಗಳ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ಶೇಂದ್ರಾಕ್ಕೆ ನಾನೂ ಕಾಕಾರೂ ಹೋದೆವು. ಪಾಳಿ ಬದಲಾಗುವ ಹೊತ್ತಿನ ನೂಕುನುಗ್ಗಲಿನಲ್ಲಿ ಕಾಕಾರಿಗೆ ಪರಿಚಯದ ಕಾವಲುಗಾರ ನಮ್ಮನ್ನು ಒಳಗೆ ಬಿಟ್ಟ. ಪ್ರೆಸ್ ಓಡುತ್ತಿತ್ತು. ಬಡಕಲು ಹೆಂಗಸೊಬ್ಬಳು ಬರಿಗೈಯಲ್ಲಿ ತಗಡು ಒಡ್ಡುತ್ತಿದ್ದಳು. ಕಾಕಾ ಮೇನ್ ಸ್ವಿಚ್ ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತರು. ನಾನು ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿದೆ. ಅದರ ವೈರಿನಿಂದಲೇ ಪೆಟ್ಟಿಗೆಗೆ ಕರೆಂಟು. ಹೊಸ ಕೋಡು ತುಂಬಲು ನಾಲ್ಕು ನಿಮಿಷ ಬೇಕು. ಆ ವೈರು ಸಡಿಲ, ಕೈಯಿಂದ ಒತ್ತಿ ಹಿಡಿದಿರಬೇಕು.

ಸೂಪರ್‌ವೈಸರ್ ಇಬ್ಬರು ಆಳುಗಳೊಂದಿಗೆ ಓಡಿ ಬಂದ. ಕಾಕಾರ ಕಾಲರ್ ಹಿಡಿದು ಎಳೆದ, ಅವರು ಅಲ್ಲಾಡಲಿಲ್ಲ. ಹೊಟ್ಟೆಗೆ ಒದ್ದ. ಕಾಕಾ ತಲೆಯಿಂದಲೇ ಅವನ ಮೂಗಿಗೆ ಗುದ್ದಿ ಒಡೆದುಹಾಕಿದರು. ಆಗ ಆಳುಗಳಲ್ಲೊಬ್ಬ ಪ್ರೆಸ್ಸಿನ ಅಚ್ಚು ಬಿಚ್ಚುವ ಕಬ್ಬಿಣದ ಹಾರೆ ಎತ್ತಿಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ಪಕ್ಕೆಗೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಏಳಲು ಹೋದೆ. ಆಯುಷ್ಯವಿಡೀ ಪ್ರೆಸ್ಸಿನ ಮುಂದೆ "ಕೈ ತಗಿ, ಕೈ ತಗಿ" ಎಂದು ಕೂಗಿದ ಮನುಷ್ಯ ಬಾಯಿಂದ ರಕ್ತ ಉಗುಳುತ್ತ ನನಗೆ ಗದರಿದರು: "ಕೈ ತಗಿಬ್ಯಾಡ ಬೇ! ಹಿಡಿ!"

ಹಿಡಿದೆ. ಅವರಿಗೆ ಏಟು ಬೀಳುತ್ತಲೇ ಇತ್ತು. ನಾನು ತಲೆ ಎತ್ತಲಿಲ್ಲ, ಪರದೆಯ ಮೇಲಿನ ಗೆರೆ ತುಂಬುವುದನ್ನೇ ನೋಡಿದೆ. ಪ್ರೆಸ್ಸಿನ ಹೆಂಗಸು ಹೊರಗೆ ಓಡಿ ಬೊಬ್ಬೆ ಹಾಕಿ, ಪಾಳಿಯ ಜನ ನುಗ್ಗಿ ಬಂದು ಅವರನ್ನು ಬಿಡಿಸುವ ಹೊತ್ತಿಗೆ ಗೆರೆ ತುಂಬಿತ್ತು. ಕಾಕಾ ಸ್ವಿಚ್ಚಿನ ಕೆಳಗೆ ಜಾರಿ ಕೂತಿದ್ದರು.

ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಐದನೆಯ ದಿನ ಹೋದರು. ಹೊಡೆದವರು ಜೈಲಿನಲ್ಲಿದ್ದಾರೆ. ನನ್ನ ಮೇಲೂ ಕೇಸಿದೆ, ಇರಲೇಬೇಕು. ಕೈ ಕಳಕೊಂಡವಳ ಮನೆಗೆ ವಾರ ವಾರ ಹೋಗುತ್ತೇನೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಾಳೆ. ನಾನು ಕೂತು ಎದ್ದು ಬರುತ್ತೇನೆ.

ಕಾಕಾರನ್ನು ಊರಿಗೆ ಒಯ್ದು ಮಣ್ಣು ಕೊಟ್ಟರು. ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಕೂತಿದ್ದೆ, ಎಲೆಯಲ್ಲಿದ್ದದ್ದನ್ನು ಮುಟ್ಟಿರಲಿಲ್ಲ. ಕಾಕಾರ ಹೆಂಡತಿ, ಕಾಕಿ, ಹೋಳಿಗೆ ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ಕುಕ್ಕರಿಸಿದರು. ಎಲ್ಲರೆದುರೇ ಕೇಳಿದರು: "ಅವರಿಗಿ ಹೊಡಿವಾಗ ನೀ ಏನ್ ಮಾಡ್ಲಿಕತ್ತಿದ್ದಿ?"

"ಕುಂತಿದ್ದೆ ಕಾಕಿ. ಕೆಲಸ ಮಾಡ್ಲಿಕತ್ತಿದ್ದೆ."

"ಎದ್ದು ಬರ್ಲಿಲ್ಲ?"

"ಇಲ್ರಿ."

ಅವರು ಹೋಳಿಗೆಯ ಬುಟ್ಟಿಯನ್ನು ನೆಲಕ್ಕಿಟ್ಟರು.

"ಕೆಲಸ ಮುಗೀತೋ, ಇಲ್ಲೋ?"

"ಮುಗೀತ್ರಿ."

"ಹಾಂಗಿದ್ರ ಉಣ್ಣು" ಅಂದು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮುಂದಿನ ಎಲೆಗೆ ಸರಿದರು.