ಸಬ್ಬತ್ತಿನ ನೀರು

ನಮ್ಮ ಲೂಯಿಸ್ ದ್ವೀಪದಲ್ಲಿ ಆಗ ಜ್ವರ ಬಿದ್ದ ಮನೆಯ ಬಾಗಿಲಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಮಾರ್ಸಲಿಯ ಬಾಗಿಲಿಗೆ ಕಟ್ಟಿ ಐದು ವಾರವಾಗಿತ್ತು. ಗಂಡನನ್ನು ಕಡಲು ನುಂಗಿ ಮೂರು ವರ್ಷ. ಒಳಗಿದ್ದವರು ಅವಳು, ಜ್ವರದ ಮಗಳು ಡೋಲೀನಾ, ಇಬ್ಬರೇ. ಊರ ಬಾವಿ ಮುಟ್ಟುವಂತಿರಲಿಲ್ಲ. ನೆರೆಯವರು ರೊಟ್ಟಿ, ನೀರು ತಂದು ದಾರಿಬದಿಯ ಮೋಟುಗೋಡೆಯ ಮೇಲಿಟ್ಟು ಕೂಗಿ ಓಡುತ್ತಿದ್ದರು. ಶನಿವಾರ ಎರಡು ಬಕೆಟ್ಟು, ಯಾಕೆಂದರೆ ಭಾನುವಾರ ಸಬ್ಬತ್ತು, ದೇವರ ವಿಶ್ರಾಂತಿಯ ದಿನ; ಅವತ್ತು ನಮ್ಮಲ್ಲಿ ನೀರು ಸೇದುವುದೂ ಇಲ್ಲ, ಹೊರುವುದೂ ಇಲ್ಲ.

ಆ ಶನಿವಾರ ಕತ್ತಲಾಗುವ ಹೊತ್ತಿಗೆ ಮಾರ್ಸಲಿ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕಿ ಹೊರಗೆ ಬರುವಷ್ಟರಲ್ಲಿ, ಚರ್ಚಿನ ಸಭೆಯ ಹಿರಿಯ ಫಿನ್ಲೇಯ ಟಗರು ಎರಡೂ ಬಕೆಟ್ಟುಗಳನ್ನು ಗುಮ್ಮಿ ಉರುಳಿಸಿತ್ತು.

ಭಾನುವಾರ ಬೆಳಿಗ್ಗೆ ಡೋಲೀನಾಳ ನಾಲಿಗೆ ಮರದ ಚಕ್ಕೆಯಂತಾಗಿತ್ತು. ಜನ ಕಪ್ಪು ಬಟ್ಟೆ ತೊಟ್ಟು ಚರ್ಚಿಗೆ ಹೊರಟಿದ್ದರು. ಮಾರ್ಸಲಿ ಗೋಡೆಯವರೆಗೆ ಓಡಿದಳು.

"ಫಿನ್ಲೇ ಮಾವ, ಒಂದು ಲೋಟ ನೀರು! ನಿಮ್ಮ ಟಗರೇ ಚೆಲ್ಲಿದ್ದು."

"ಇವತ್ತು ಯಾವ ದಿನ ಅಂತ ಮರೆತೆಯೇನೇ? ನಾಳೆ ಬೆಳಕು ಹರೀಲಿ, ನಾನೇ ಕಳಿಸ್ತೀನಿ."

"ನಾಳೆವರೆಗೆ ಮಗು ಇರಬೇಕಲ್ಲ!"

"ಇರಿಸೋನು ದೇವರು. ಬಕೆಟ್ಟಲ್ಲ."

ಅವನ ಹಿಂದಿದ್ದ ನೆರೆಮನೆಯ ಪೆಗ್ಗಿ ಶಾಲಿನಲ್ಲಿ ಮೂಗು ಮುಚ್ಚಿಕೊಂಡು, "ಜ್ವರ ಇವಳ ತಲೆಗೇ ಏರಿದೆ ಕಣ್ರೀ," ಅಂದಳು. ಯಾರೋ ಕಿಸಕ್ಕೆಂದರು.

ಮಾರ್ಸಲಿ ಮಗಳನ್ನು ಒಂಟಿಯಾಗಿ ಬಿಟ್ಟು ಗುಡ್ಡದಾಚೆಯ ತೊರೆಗೆ ಹೋದಳು. ತುಂಬಿದ ಬಕೆಟ್ಟು ಹಿಡಿದು ಬರುವಾಗ ಚರ್ಚಿನಿಂದ ಬರುತ್ತಿದ್ದವರೆಲ್ಲ ನೋಡಿದರು.

ಡೋಲೀನಾ ಗಟಗಟ ಕುಡಿದಳು. "ತಣ್ಣಗಿದೆಯಮ್ಮ," ಅಂದು ನಕ್ಕಳು.

ಸೋಮವಾರ ಗೋಡೆಯ ಮೇಲೆ ಏನೂ ಇರಲಿಲ್ಲ. ಮಂಗಳವಾರವೂ ಇಲ್ಲ. ಸಬ್ಬತ್ತು ಮುರಿದ ಮನೆಗೆ ದೇವರು ಕೊಡುವ ಶಿಕ್ಷೆಗೆ ಯಾರೂ ಅಡ್ಡ ಬರಬಾರದು ಅಂತ ಫಿನ್ಲೇ ಹೇಳಿದ್ದ. ಗುರುವಾರ ಡೋಲೀನಾ ಹೋದಳು. ಶವಪೆಟ್ಟಿಗೆಯನ್ನು ಮಾತ್ರ ತಪ್ಪದೆ ಗೋಡೆಯ ಮೇಲಿಟ್ಟು ಕೂಗಿದರು. ಅಳತೆ ಸರಿಯಾಗಿತ್ತು.

ಆಮೇಲೂ ಮೂರು ವಾರ ಬಿಳಿ ಬಟ್ಟೆ ಬಿಚ್ಚಲಿಲ್ಲ. ಉಳಿದ ಆಲೂಗಡ್ಡೆ ಬೇಯಿಸಿಕೊಂಡು ಮಾರ್ಸಲಿ ಒಬ್ಬಳೇ ಕೂತಳು. ದೇವರು ಕೈಬಿಟ್ಟನೇ ಅಂತ ಮೊದಲು ತಲೆ ಚಚ್ಚಿಕೊಂಡಳು. ಓದು ಬಾರದವಳು, ಚರ್ಚಿನಲ್ಲಿ ಕೇಳಿದ್ದನ್ನೇ ಮೆಲುಕು ಹಾಕುತ್ತ ಹಾಕುತ್ತ ಕೂತವಳಿಗೆ ಒಂದು ದಿನ ಹೊಳೆಯಿತು: ಶಿಲುಬೆಯ ಮೇಲೆ ಆತನೂ ಬಾಯಾರಿದ್ದ, ಜನ ಹುಳಿತ ದ್ರಾಕ್ಷಾರಸ ಕೊಟ್ಟಿದ್ದರು. ಹಾಗಾದರೆ ಆ ಭಾನುವಾರ ಆತ ಚರ್ಚಿಗೆ ಹೋಗಿರಲಿಲ್ಲ. ಗೋಡೆಯ ಈಚೆ, ಡೋಲೀನಾಳ ಪಕ್ಕದಲ್ಲೇ ನಾಲಿಗೆ ಒಣಗಿ ಮಲಗಿದ್ದ.

ಕೊಯ್ಲು ಮುಗಿದ ಮೇಲೆ, ಚರ್ಚಿನ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ಬಂತು. ಹಿರಿಯರು ಕೊಡುವ ಸೀಸದ ಬಿಲ್ಲೆ ಸಿಕ್ಕವರಿಗೇ ಆ ಮೇಜಿನಲ್ಲಿ ಜಾಗ. ಸಿಗದವರು ಊರಿಗೆ ಸತ್ತ ಹಾಗೆ. ಫಿನ್ಲೇ ಅವಳ ಬಿಲ್ಲೆಯನ್ನು ಬೆರಳಲ್ಲೇ ಹಿಡಿದುಕೊಂಡ.

"ಆ ನೀರು ಪಾಪ ಅಂತ ಒಂದು ಮಾತು ಹೇಳು, ತಗೋ."

ಮಾರ್ಸಲಿಯ ಕೈ ಮುಂದೆ ಚಾಚಿತ್ತು. ಹಿಂದಕ್ಕೆಳೆದುಕೊಂಡಳು.

"ನನ್ನ ಮಗು ಕೊನೇ ಸಲ ನಕ್ಕಿದ್ದು ಆ ನೀರಿಗೆ, ಮಾವ. ಬಿಲ್ಲೆ ನಿಮ್ಮ ಹತ್ರಾನೇ ಇರಲಿ."

ಮೂವತ್ತೊಂದು ವರ್ಷ ಅವಳು ಚರ್ಚಿನ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಳು. ಪ್ರತಿ ಭಾನುವಾರ, ಜನ ಚರ್ಚಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಬಾವಿಯಿಂದ ಒಂದು ಬಕೆಟ್ಟು ಸೇದಿ ಆ ಗೋಡೆಯ ಮೇಲಿಟ್ಟು ತಾನೂ ಹೊರಡುತ್ತಿದ್ದಳು. ಅವಳು ಸಾಯುವವರೆಗೂ ಒಬ್ಬ ಮನುಷ್ಯನೂ ಅದನ್ನು ಮುಟ್ಟಲಿಲ್ಲ. ಫಿನ್ಲೇಯ ಕುರಿಗಳು ಕುಡಿದವು.