ಬರ್ತಾಳ ಚಾನೆಲ್

ಶಂಕರಪುರದ ಅಲೋಶಿಯಸ್‌ಗೆ ರಿಮೋಟ್ ಎಂದರೆ ಜಪಮಾಲೆಯಂತೆ, ಕೈಬಿಡುವುದೇ ಇಲ್ಲ. ಕಿವಿ ಕೇಳದ ತಂಗಿ ಬರ್ತಾ ಬೆಳಗ್ಗೆ ಮಲ್ಲಿಗೆ ಕಟ್ಟಲು ಕೂತಳೆಂದರೆ, ಪರದೆಯ ಮೂಲೆಯಲ್ಲಿ ಒಬ್ಬಳು ಕೈಸನ್ನೆಯಲ್ಲಿ ವಾರ್ತೆ ಹೇಳುವ ಚಾನೆಲ್ಲನ್ನೇ ಅವನು ಹಾಕುವುದು. “ಪಪ್ಪಾ, ಮ್ಯಾಚ್ ಉಂಟು” ಎಂದು ಮಗಳು ಸಿಂಥಿಯಾ ಗೋಗರೆದರೆ, “ನಿನಗೆ ನೂರು ಚಾನೆಲ್ ಉಂಟು, ಅವಳಿಗೆ ಇದೊಂದೇ ಅಲ್ವಾ?” ಎನ್ನುತ್ತಾನೆ. ತಂಗಿಗಿಲ್ಲದ ಶಬ್ದ ತಮಗೂ ಬೇಡವೆಂದು ಮ್ಯೂಟ್ ಮಾಡುತ್ತಾನೆ. ಮನೆಗೆ ಬಂದ ಪಾದ್ರಿಗಳನ್ನೂ ಆ ಶಬ್ದವಿಲ್ಲದ ಟಿವಿಯ ಮುಂದೆಯೇ ಕೂರಿಸಿದ್ದಾನೆ. ಬರ್ತಾ ಆಗಾಗ ತಲೆಯಾಡಿಸಿದರೆ, “ನೋಡಿ, ಎಲ್ಲ ಗೊತ್ತಾಗ್ತದೆ ಅವಳಿಗೆ” ಎಂದು ಎದೆಯುಬ್ಬಿಸುತ್ತಾನೆ. ಮೊನ್ನೆ ಟಿವಿಯವಳತ್ತ ಬೆರಳು ಮಾಡಿ, ಏನು ಹೇಳಿದಳೆಂದು ಮನೆಯ ಸನ್ನೆಯಲ್ಲೇ ತಂಗಿಯನ್ನು ಕೇಳಿದ. ಬರ್ತಾ ಬಾಳೆನಾರು ಕೆಳಗಿಟ್ಟು, ಗಾಳಿಯಲ್ಲಿ ಹೂ ಕಟ್ಟುವವಳಂತೆ ಬೆರಳಾಡಿಸಿ, ಖಾಲಿ ಅಂಗೈ ತೋರಿಸಿದಳು: ಏನೂ ಗೊತ್ತಾಗುವುದಿಲ್ಲ. ಅವಳನ್ನು ಶಾಲೆಗೆ ಕಳಿಸಿದವರಿಲ್ಲ. ಟಿವಿಯ ಸನ್ನೆಭಾಷೆ ಕಲಿಸಿದವರೂ ಇಲ್ಲ. ಮತ್ತೆ ಇಷ್ಟು ದಿನ ತಲೆ ಯಾಕೆ ಆಡಿಸಿದ್ದೆಂದು ಅವನು ಕೈಯಲ್ಲೇ ಕೇಳಿದ. ಅವಳು ಅವನ ಮುಖ ತೋರಿಸಿ, ತನ್ನ ತುಟಿಯಂಚುಗಳನ್ನು ಬೆರಳಿಂದ ಮೇಲಕ್ಕೆತ್ತಿದಳು: ನೀನು ನಗುತ್ತೀಯಲ್ಲ. ಅಲೋಶಿಯಸ್ ಮೊದಲ ಸಲ ರಿಮೋಟನ್ನು ಅವಳ ಕೈಗೆ ಕೊಟ್ಟ. ಅವಳು ಟಿವಿ ಆರಿಸಿ, ಮಲ್ಲಿಗೆ ಎತ್ತಿಕೊಂಡಳು.