ಹೊತ್ತು ಮುಳುಗುವ ಮೊದಲು ಒಂದು ಫೈನಲ್

ಕಳೆದ ವಾರ ಹುಕ್ಕೇರಿಯ ಬ್ಯಾಂಕೊಂದರಲ್ಲಿ ಸರತಿಯಲ್ಲಿ ನಿಂತಿದ್ದಾಗ ಕರೆಂಟು ಹೋಯಿತು. ಫ್ಯಾನು ನಿಂತಿತು, ಹಿಂದಿನವರ ಗೊಣಗಾಟ ಮುಂದಿನವರಿಗೆ ಕೇಳುವಂತಾಯಿತು, ಮೇಜಿನ ಕೆಳಗೆಲ್ಲೋ ಯುಪಿಎಸ್ ಡಬ್ಬಿ ಪೀಂ, ಪೀಂ ಎಂದು ಕೂಗತೊಡಗಿತು. ಆ ಸದ್ದಿಗೆ ನನ್ನ ಬಲಗೈ ಬೆರಳುಗಳು ನನ್ನನ್ನು ಕೇಳದೆಯೇ ಆಡಿದವು. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಿಂಡಿಯಾಚೆ ಕೂತಿದ್ದ ಹುಡುಗಿಗೆ "ಮೊದಲ ಸೇವ್ ಮಾಡ್ಕೋರಿ" ಎಂದುಬಿಟ್ಟೆ. ಆಕೆ ತಲೆ ಎತ್ತದೆ, "ಈಗ ಅದು ತಾನ ಆಗ್ತೈತ್ರಿ ಸರ್" ಎಂದಳು.

ಆಗಲಿ, ಒಳ್ಳೆಯದೇ. ನಮ್ಮ ಕಾಲದಲ್ಲಿ ತಾನೇ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮೂಡಲಗಿಯ ಒಂದು ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದೇ ಸದ್ದು ಎದ್ದರೆ ನಾನೂ ಗೆಳೆಯ ಭರತೇಶನೂ ಮನೆಗೆ ಬೆಂಕಿ ಬಿದ್ದವರಂತೆ ಒಟ್ಟಿಗೇ ಕೀಲಿಮಣೆಗೆ ಕೈ ಹಾಕುತ್ತಿದ್ದೆವು. ಉಳಿಸಿಕೊಳ್ಳಬೇಕಾಗಿದ್ದದ್ದು ಅಂಗಡಿಯ ಲೆಕ್ಕವಲ್ಲ. ಇಂಗ್ಲೆಂಡಿನ ಯಾವುದೋ ಊರಿನ ಮೂರನೇ ದರ್ಜೆಯ ಫುಟ್‌ಬಾಲ್ ತಂಡ. ಆ ಊರು ನಕಾಶೆಯಲ್ಲಿ ಎಲ್ಲಿದೆ ಎಂದು ನಮಗೆ ಗೊತ್ತಿರಲಿಲ್ಲ. ಹೆಸರನ್ನು ಇಬ್ಬರೂ ಬೇರೆ ಬೇರೆ ಥರ ಉಚ್ಚರಿಸುತ್ತಿದ್ದೆವು, ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು.

ಆ ಆಟದ ಪರಿಚಯ ನಿಮಗಿಲ್ಲದಿದ್ದರೆ ನೀವು ಪುಣ್ಯವಂತರು, ಆದರೂ ಹೇಳುತ್ತೇನೆ. ಫುಟ್‌ಬಾಲ್ ಆಟ ಎಂದು ಹೆಸರು, ಒದೆಯಲು ಚೆಂಡಿಲ್ಲ. ನೀವು ಆಡುವವರಲ್ಲ, ತಂಡದ ಮ್ಯಾನೇಜರು. ಪರದೆಯ ತುಂಬ ಹೆಸರುಗಳು, ಹೆಸರುಗಳ ಮುಂದೆ ಅಂಕಿಗಳು. ಓಟಕ್ಕೆ ಇಪ್ಪತ್ತರಲ್ಲಿ ಇಷ್ಟು, ಧೈರ್ಯಕ್ಕೆ ಇಷ್ಟು, ಛಲಕ್ಕೆ ಇಷ್ಟು. ಮನುಷ್ಯನ ಧೈರ್ಯಕ್ಕೆ ಇಪ್ಪತ್ತರಲ್ಲಿ ಅಂಕ ಕೊಟ್ಟ ಆ ಮಹಾಶಯರನ್ನು ಒಮ್ಮೆ ನೋಡಬೇಕೆಂದು ನನಗೆ ಈಗಲೂ ಆಸೆ. ನೀವು ಹನ್ನೊಂದು ಜನರನ್ನು ಆರಿಸಿ ಒಂದು ಗುಂಡಿ ಒತ್ತುತ್ತೀರಿ. ಪಂದ್ಯ ಅಕ್ಷರಗಳಲ್ಲಿ ನಡೆಯುತ್ತದೆ: ಚೆಂಡು ಬಂತು, ಒದ್ದ, ಹೊರಗೆ ಹೋಯಿತು. ಒಂದು ಸಾಲು ಮಿನುಗಿದರೆ ನಾವು ಕುರ್ಚಿಯಿಂದ ಏಳುತ್ತಿದ್ದೆವು, ಇನ್ನೊಂದು ಮಿನುಗಿದರೆ ಹಣೆ ಹಿಡಿದು ಕೂರುತ್ತಿದ್ದೆವು. ಬಾಗಿಲಲ್ಲಿ ನಿಂತು ನೋಡಿದವರಿಗೆ ಇಬ್ಬರು ಪದವೀಧರರು ಪಂಚಾಂಗ ನೋಡಿ ಅಳುತ್ತಿರುವಂತೆ ಕಾಣುತ್ತಿತ್ತು.

ಭರತೇಶನ ತಂದೆ ಅಪ್ಪಾಸಾಹೇಬ ಕಾಕಾ ಆ ಕಂಪ್ಯೂಟರು ತಂದದ್ದು ಬೀಜ, ಗೊಬ್ಬರದ ಲೆಕ್ಕಕ್ಕಾಗಿ. ಮಗ ದಿನವಿಡೀ ಅಂಕಿಗಳ ಮುಂದೆ ಕೂತಿರುವುದನ್ನು ಕಂಡು ಅವರಿಗೆ ಹೆಮ್ಮೆ. ನಾಗನೂರಿನಿಂದ ಗೋವಿನಜೋಳದ ಬೀಜಕ್ಕೆ ಬಂದ ರೈತರಿಗೆ ದನಿ ತಗ್ಗಿಸಿ, "ಸ್ವಲ್ಪ ತಡೀರಿ, ಲೆಕ್ಕದಾಗ ಅದಾನ" ಎನ್ನುತ್ತಿದ್ದರು. ಕರೆಂಟು ಹೋದಾಗ ಮಗ ತಲೆ ಚಚ್ಚಿಕೊಳ್ಳುವುದನ್ನು ನೋಡಲಾರದೆ ಯುಪಿಎಸ್ ಕೊಡಿಸಿದವರೂ ಅವರೇ. ಒಮ್ಮೆ ಮಾತ್ರ ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿ, "ಇದರಾಗ ಗಿರಾಕಿ ಯಾರೂ ನಮ್ಮೂರಾವ್ರು ಇಲ್ಲಲ್ಲೋ" ಎಂದರು. ಭರತೇಶ, "ದೂರದಾವ್ರ ಅಪ್ಪಾ" ಎಂದ. ಸುಳ್ಳೇನೂ ಅಲ್ಲ.

ಅದರಲ್ಲಿ ಏನಿತ್ತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆಗ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಗೋಕಾಕದ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ನನ್ನ ಅಭಿಪ್ರಾಯವನ್ನು ಯಾರೂ ಯಾವುದಕ್ಕೂ ಕೇಳುತ್ತಿರಲಿಲ್ಲ. ಭರತೇಶನ ಅಂಗಡಿಯಲ್ಲಿ ಯಾವ ಬೀಜ ತರಿಸಬೇಕೆಂಬುದನ್ನೂ ಅವನ ಅಪ್ಪನೇ ನಿರ್ಧರಿಸುತ್ತಿದ್ದರು. ಈ ಆಟವೋ, ಗಳಿಗೆಗೊಮ್ಮೆ ಕೈಕಟ್ಟಿ ನಿಂತು ನಿಮ್ಮ ತೀರ್ಮಾನವೇನು ಎಂದು ಕೇಳುತ್ತಿತ್ತು. ಯಾರನ್ನು ಇಳಿಸಲಿ, ಯಾರನ್ನು ಕೂರಿಸಲಿ, ಯಾರನ್ನು ಮಾರಲಿ? ಇಪ್ಪತ್ತೈದರ ಗಂಡಸಿಗೆ ಇದಕ್ಕಿಂತ ಅಮಲಿನ ಪದಾರ್ಥ ಮೂಡಲಗಿಯಲ್ಲಿ ಸಿಗುತ್ತಿರಲಿಲ್ಲ.

ಅಮಲಿನ ಜೊತೆಗೆ ಅವಮಾನವೂ ಇತ್ತು. ಎದುರಾಳಿಯ ಗೋಲಿಗೆ ಇಡೀ ಪಂದ್ಯ ಮುತ್ತಿಗೆ ಹಾಕಿ, ಅವರ ಒಂದೇ ಒದೆತಕ್ಕೆ ಸೋಲುವುದು. ಆಡಳಿತ ಮಂಡಳಿಯವರು ನಿಮ್ಮ ಮೇಲೆ ಪೂರ್ಣ ವಿಶ್ವಾಸವಿದೆ ಎಂದು ತಿಳಿಸಿ ಮರುವಾರ ಕಿತ್ತುಹಾಕುವುದು. ನಾರ್ವೆ ದೇಶದ ಒಬ್ಬ ಹಿಂಬದಿಯ ಆಟಗಾರನಿದ್ದ, ನಾವು ಅವನನ್ನು ನಾರ್ವೆಪ್ಪ ಎನ್ನುತ್ತಿದ್ದೆವು. ಎರಡು ಪಂದ್ಯ ಕೂರಿಸಿದರೆ ನಾರ್ವೆಪ್ಪನ ಮುಖ ಊದಿತು ಎಂದು ಪರದೆ ಹೇಳುತ್ತಿತ್ತು. ಭರತೇಶ ಅವನನ್ನು ರಮಿಸುತ್ತಿದ್ದ ಪರಿ! ಯಾರಲ್ಲಿ ಎಷ್ಟು ಕಸುವು ಉಳಿದಿದೆಯೆಂದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಅವನಿಗೆ ಬಾಯಿಪಾಠ. ಒಬ್ಬನು ಎಂಬತ್ತಕ್ಕೆ ಇಳಿದರೆ, "ಪಾಪ, ಇವಗ ಇವತ್ತ ಬ್ಯಾಡ" ಎಂದು ಕರುಣೆಯಿಂದ ಕೂರಿಸುತ್ತಿದ್ದ.

ಸೋತರೆ? ಸೋತರೆ ಅದಕ್ಕೂ ಉಪಾಯವಿತ್ತು. ಪಂದ್ಯಕ್ಕೆ ಮೊದಲು ಸೇವ್ ಮಾಡಿ ಇಟ್ಟಿರುತ್ತಿದ್ದ. ಸೋತ ಕೂಡಲೇ ಆಟ ಮುಚ್ಚಿ, ಅಲ್ಲಿಂದ ಮತ್ತೆ ತೆರೆದು, ಮತ್ತೆ ಆಡಿಸುವುದು. ಗೆಲ್ಲುವವರೆಗೆ. ಗೆದ್ದ ಮೇಲೆ ಅವನ ಮುಖದಲ್ಲಿ ಕಳ್ಳತನದ ಸುಳಿವೇ ಇರುತ್ತಿರಲಿಲ್ಲ, ಅದು ನನ್ನನ್ನು ಬೆರಗುಗೊಳಿಸುತ್ತಿತ್ತು. ಸೋತದ್ದು ನಿಜಕ್ಕೂ ನಡೆದೇ ಇಲ್ಲವೆಂದು ನಂಬಿಬಿಡುತ್ತಿದ್ದ. ನಗಬೇಡಿ. ನೆನಪು ಎಂಬುದು ಮಾಡುವ ಕೆಲಸವೂ ಇದೇ ಅಲ್ಲವೆ ಎಂದು ನನಗೆ ಈಚೆಗೆ ಅನುಮಾನ.

ಆ ವರ್ಷ ಮಳೆಗಾಲದಲ್ಲಿ ಬಸದಿಗೆ ಮುನಿಗಳೊಬ್ಬರು ಚಾತುರ್ಮಾಸಕ್ಕೆ ಬಂದಿದ್ದರು. ಊರಿನ ಜೈನರೆಲ್ಲ ಅವರ ಮುಂದೆ ಒಂದೊಂದು ನೇಮ ಹಿಡಿದರು, ನಾಲ್ಕು ತಿಂಗಳು ಏನಾದರೂ ಒಂದನ್ನು ಬಿಡುವುದು. ಒಬ್ಬರು ತುಪ್ಪ ಬಿಟ್ಟರು, ಒಬ್ಬರು ಬೆಲ್ಲ ಬಿಟ್ಟರು. ಭರತೇಶ ಹಾಗಲಕಾಯಿ ಬಿಟ್ಟ. ಹುಟ್ಟಿದಾಗಿನಿಂದ ಅವನು ಹಾಗಲಕಾಯಿ ಬಾಯಿಗೆ ಇಟ್ಟವನಲ್ಲ. ಆಡಿಸದ ಆಟಗಾರನನ್ನೇ ಮಾರಬೇಕು ಎಂಬುದು ಆಟದಿಂದ ಅವನು ಕಲಿತ ಒಂದೇ ಪಾಠ.

ಅವನ ಅವ್ವ, ನಾನು ಮೌಶಿ ಎನ್ನುತ್ತಿದ್ದೆ, ಏನು ಹಿಡಿದರೆಂದು ಯಾರಿಗೂ ಹೇಳಲಿಲ್ಲ. ಅಂಗಡಿಗೆ ಅಂಟಿಕೊಂಡಿದ್ದ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸೂರ್ಯ ಇಳಿಯುವಾಗ ಮೌಶಿ ಪಡಸಾಲೆಯಿಂದ ಒಮ್ಮೆ ಕೂಗುತ್ತಿದ್ದರು: "ಭರತೇಶ, ಹೊತ್ತ ಹೊಂಟೈತಿ." ಒಂದೇ ಸಲ. ಕಾಕಾ ಮೊದಲೇ ಉಂಡಿರುತ್ತಿದ್ದರು. ಭರತೇಶ ಎದ್ದರೆ ಉಂಡ, ಏಳದಿದ್ದರೆ ಬೆಳಗಿನವರೆಗೆ ನೀರೂ ಇಲ್ಲ. ಆಷಾಢದಲ್ಲಿ ಹಗಲು ಉದ್ದ, ಹೇಗೋ ನಡೆಯಿತು. ದೀಪಾವಳಿ ಹತ್ತಿರ ಬಂದಂತೆ ಸೂರ್ಯ ಬೇಗ ಬೇಗ ಇಳಿಯತೊಡಗಿದ, ಲೀಗು ಮಾತ್ರ ಬಿಸಿಯೇರತೊಡಗಿತು. ವಾರಕ್ಕೆ ಎರಡು ಸಂಜೆ, ಮೂರು ಸಂಜೆ ಅವನು ಉಪವಾಸ. ತಂಡಕ್ಕಾಗಿ ಇಷ್ಟೂ ಮಾಡಬಾರದೇ ಎಂಬ ಗತ್ತು ಬೇರೆ.

ಒಂದು ಸಂಜೆ ನಾನು ನೀರು ಕೇಳಲು ಅಡುಗೆಮನೆಗೆ ಹೋದೆ. ನಾವು ಲಿಂಗಾಯತರು, ನಮಗೆ ಸೂರ್ಯನ ಕಟ್ಟಳೆ ಇಲ್ಲ. ಮೌಶಿ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತುತ್ತಿದ್ದರು, ಒಂದೂ ಮುರಿದಿರಲಿಲ್ಲ. ಎರಡು ತಾಟು ತೊಳೆದದ್ದು ತೊಳೆದಂತೆಯೇ ಇದ್ದವು. ನಿಮ್ಮ ಊಟ ಎಂದೆ. ಅವರು ಅರಿವೆಯ ತುದಿ ಒಳಗೆ ಸಿಕ್ಕಿಸಿದರು.

"ಅಂವ ಉಂಡ ಮ್ಯಾಗ ನಂದು. ಅದ ನನ್ನ ನೇಮಾ, ಮಾಸ್ತರ."

ಹಾಗಾದರೆ ಇಷ್ಟು ದಿನ ಅವನು ಉಪವಾಸ ಬಿದ್ದ ಸಂಜೆಗಳೆಲ್ಲ ಇವರದೂ ಉಪವಾಸ. ನಾನು ಈಗಲೇ ಹೇಳುತ್ತೇನೆ ಎಂದು ತಿರುಗಿದೆ. ಅವರು ತಡೆದರು.

"ಹೇಳಬ್ಯಾಡ. ಹೇಳಿಸ್ಕೊಂಡ ಉಂಡ್ರ ಅಂವ ನನಗ ಹೆದರಿ ಉಂಡಂಗ. ತಾನ ಎದ್ದ ಬರ್ಲಿ."

ಮಾತು ಕೊಟ್ಟು ಬಂದೆ. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ನನಗೆ ಪರದೆಗಿಂತ ಗೋಡೆ ಮುಖ್ಯವಾಯಿತು. ಪಡುವಣದ ಕಿಟಕಿಯಿಂದ ಬಂದ ಬಿಸಿಲು ಗೊಬ್ಬರದ ಚೀಲಗಳನ್ನು ದಾಟಿ ಎದುರು ಗೋಡೆ ಹತ್ತುತ್ತ ಹೋಗುತ್ತಿತ್ತು. ಪಕ್ಕದಲ್ಲಿ ಭರತೇಶ, ಎಂಬತ್ತೆರಡಕ್ಕೆ ಇಳಿದ ಒಬ್ಬ ಸ್ಕಾಟ್ಲೆಂಡಿನವನ ದಣಿವಿಗೆ ಮರುಗುತ್ತಿದ್ದ. ಇದನ್ನು ನಿಮಗೆ ತಿರಸ್ಕಾರವಿಲ್ಲದೆ ಹೇಳುವುದು ನನ್ನಿಂದ ಆಗದು. ಇಪ್ಪತ್ತಾರು ಜನರ ಹೊಟ್ಟೆ, ಕಾಲು, ಮನಸ್ಸು ಬಲ್ಲವನು. ಅವರಲ್ಲಿ ಒಬ್ಬನೂ ಇಲ್ಲ. ಇದ್ದ ಒಬ್ಬಾಕೆ ಗೋಡೆಯಾಚೆ ಅರಿವೆಯಲ್ಲಿ ರೊಟ್ಟಿ ಸುತ್ತುತ್ತಿದ್ದಳು.

ಫೈನಲ್ ಬಂದದ್ದು ಅಂಥ ಒಂದು ಸಂಜೆ. ಕಾಕಾ ಕೊಲ್ಲಾಪುರಕ್ಕೆ ಹೋಗಿದ್ದರು. ಮೊದಲ ಸಲ ಆಡಿಸಿದಾಗ ತಂಡ ಸೋತಿತು, ಬಿಸಿಲು ಇನ್ನೂ ಚೀಲಗಳ ಮೇಲಿತ್ತು. ಭರತೇಶ ಆಟ ಮುಚ್ಚಿ ಮತ್ತೆ ತೆರೆದ. ಮೌಶಿ ಕೂಗಿದರು. ಬಂದೆ ಎಂದ. ಎರಡನೆಯ ಸಲವೂ ಸೋತಿತು, ನಾರ್ವೆಪ್ಪ ತನ್ನದೇ ಗೋಲಿಗೆ ಚೆಂಡು ಹೊಡೆದಿದ್ದ. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ನಾನು, ಉಂಡು ಬಂದು ಆಡು, ಯಾರೂ ಓಡಿಹೋಗುವುದಿಲ್ಲ ಎಂದೆ. "ಇದೊಂದ ಲೇ" ಎಂದು ಮತ್ತೆ ತೆರೆದ. ನನ್ನ ನಾಲಿಗೆ ತುದಿಗೆ ಮೌಶಿಯ ಮಾತು ಬಂದು ನಿಂತಿತ್ತು, ಕೊಟ್ಟ ಮಾತು ಅದನ್ನು ಹಿಡಿದಿತ್ತು. ಬಿಸಿಲು ತೊಲೆಯವರೆಗೆ ಏರಿ ಕೆಂಪಾಗಿ, ಸಣ್ಣದಾಗಿ, ಆರಿತು. ಅದಾಗಿ ಸ್ವಲ್ಪ ಹೊತ್ತಿಗೆ ತಂಡ ಗೆದ್ದಿತು. ಪಂದ್ಯ ಮೂರು ಸಲ ನಡೆದಿತ್ತು, ಹೊತ್ತು ಒಂದೇ ಸಲ ಮುಳುಗಿತ್ತು.

ಅವನು ಸೇವ್ ಮಾಡುವುದನ್ನೂ ಮರೆತು ಅಡುಗೆಮನೆಗೆ ಓಡಿದ. ಹಿಂದೆ ನಾನು. ಮೌಶಿ ಬೋರಲು ಹಾಕಿದ ಪಾತ್ರೆಗಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಅವ್ವಾ, ಫೈನಲ್ ಗೆದ್ನಿ."

"ಚಲೋ ಆತು. ಆಡಿದ ಹುಡುಗೂರು ಉಂಡ್ರೇನು?"

ಭರತೇಶ ನಕ್ಕ. "ಅವ್ರಿಗೆಲ್ಲಿ ಊಟವ್ವಾ."

"ಹಂಗಾರ ಇವತ್ತ ಅವ್ರೂ ನಮ್ಮಿಬ್ಬರ ಜೋಡಿ ಉಪಾಸ."

ನಗು ಅವನ ಮುಖದ ಮೇಲೆ ಇನ್ನೂ ಇತ್ತು, ಆದರೆ ಅದು ಯಾರದೋ ನಗುವಿನಂತೆ ಕಂಡಿತು. ಬೋರಲು ಬಿದ್ದ ಎರಡು ತಾಟು ನೋಡಿದ, ಬುಟ್ಟಿ ನೋಡಿದ, ನನ್ನನ್ನು ನೋಡಿದ. ನಾನು ನೆಲ ನೋಡಿದೆ. "ನೀ ಯಾಕ ಉಂಡಿಲ್ಲ?" ಎಂದು ಕೇಳಿದ. "ಯಾವಾಗಿಂದ?" ಎಂದ. ಮೌಶಿ ಕಾಲು ಚಾಚಿ ಮೊಣಕಾಲು ತಿಕ್ಕಿಕೊಂಡರು. ಅವನು ಅವರ ಪಕ್ಕ ನೆಲದ ಮೇಲೆ ಕೂತ.

ಆಗ ಕರೆಂಟು ಹೋಯಿತು. ಹಿಂದಿನ ಕೋಣೆಯಲ್ಲಿ ಯುಪಿಎಸ್ ಕೂಗತೊಡಗಿತು. ಪೀಂ, ಪೀಂ. ಆ ವರ್ಷದ ದುಡಿಮೆಯ ಫಲ, ಆ ಫೈನಲ್ಲು, ಆ ಟ್ರೋಫಿ, ಒಂದು ಗುಂಡಿಯ ದೂರದಲ್ಲಿತ್ತು. ನಾನು ಏಳಲು ಹೋದೆ. ಭರತೇಶ ಕತ್ತಲಲ್ಲಿ "ಕುಂದ್ರು" ಎಂದ. ಕೂಗು ಸಾಕಷ್ಟು ಹೊತ್ತು ನಡೆಯಿತು, ಆಮೇಲೆ ಒಂದು ಉದ್ದನೆಯ ಪೀಂ, ಆಮೇಲೆ ಏನೂ ಇಲ್ಲ.

ಇಷ್ಟು ವರ್ಷ ಈ ಕಥೆಯನ್ನು ನಾನು ಹೀಗೆಯೇ ಹೇಳುತ್ತ ಬಂದಿದ್ದೇನೆ. ಆದರೆ ಅವನು ನಿಜವಾಗಿ "ಕುಂದ್ರು" ಎಂದನೆ? ಸದ್ದು ಅವನಿಗೆ ಕೇಳಿಸಿತ್ತೆ? ಅಥವಾ ಕೇಳಿಸಿಯೂ, ಅವ್ವನ ಎದುರು ಏಳಲು ನಾಚಿ ಕೂತನೆ? ಆ ದಿನದ ನನ್ನ ಡೈರಿಯಲ್ಲಿ ಹವಾಮಾನ ಬಿಟ್ಟು ಬೇರೇನೂ ಇಲ್ಲ. ಇತಿಹಾಸ ಓದಿದವನು ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದು, ಆ ಸಾಕ್ಷಿ ತಾನೇ ಆಗಿದ್ದರಂತೂ ಕೂಡದು.

ಅವನು ಬದಲಾದನೇ ಎಂದು ಕೇಳಿದರೆ ನಿಮ್ಮನ್ನು ನಿರಾಶೆಗೊಳಿಸಬೇಕಾಗುತ್ತದೆ. ಮರುದಿನ ಮಧ್ಯಾಹ್ನವೇ ಹಳೆಯ ಸೇವ್ ಬಿಟ್ಟು ಇನ್ನೊಂದು ತಂಡ ಹಿಡಿದು ಹೊಸದಾಗಿ ಶುರು ಮಾಡಿದ. ನಾರ್ವೆಪ್ಪನನ್ನು ಮತ್ತೆ ಕೊಂಡ. ಇಂಥ ಆಟಗಳಿಂದ ಯಾರೂ ಏನೂ ಕಲಿಯುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಬಿಸಿಲು ಚೀಲಗಳ ಮೇಲೆ ಇರುವಾಗಲೇ ಪಂದ್ಯ ನಡುವೆ ನಿಲ್ಲಿಸಿ ಏಳುತ್ತಿದ್ದ. ಮೌಶಿ ಕೂಗುವುದನ್ನು ಬಿಟ್ಟರು. ಅವರು ಕೂಗುವ ಮೊದಲೇ ಅವನು ತಾಟು ಹಾಕಿರುತ್ತಿದ್ದ, ಎರಡು.

ಬ್ಯಾಂಕಿನಿಂದ ಬಂದವನು ಇದನ್ನು ಬರೆಯಲು ಕೂತು ಇಂದಿಗೆ ನಾಲ್ಕನೆಯ ಸಂಜೆ. ಅಡುಗೆಮನೆಯ ಆ ಭಾಗವನ್ನು ಮೂರು ಸಲ ಬರೆದೆ. ಮೊದಲ ಸಲ ಮೌಶಿ ಅತ್ತರು. ಅವರು ಅಳುವವರಲ್ಲ, ಹರಿದುಹಾಕಿದೆ. ಎರಡನೆಯ ಸಲ ನಾನು ಎದ್ದು ನಿಂತು ಭರತೇಶನಿಗೆ ನಾಲ್ಕು ಮಾತು ಹೇಳಿದ್ದೆ, ಬಲು ಚೆನ್ನಾಗಿ ಬಂದಿದ್ದವು. ಅದನ್ನೂ ಹರಿದುಹಾಕಿದೆ, ಮನಸ್ಸಿಲ್ಲದ ಮನಸ್ಸಿನಿಂದ. ನೀವು ಓದಿದ್ದು ಮೂರನೆಯದು. ಗೆಲ್ಲುವವರೆಗೆ ಮತ್ತೆ ತೆರೆಯುವವನನ್ನು ಇಷ್ಟು ಹೊತ್ತು ಹಳಿದೆನಲ್ಲ, ಈಗ ಹಳಿಯುವ ದನಿ ಸ್ವಲ್ಪ ತಗ್ಗಿದೆ.

ಒಳಗೆ ತಾಟಿನ ಸದ್ದು ಎರಡು ಸಲ ಆಯಿತು. ನನ್ನ ಹೆಂಡತಿ ಯಾವ ನೇಮವನ್ನೂ ಹಿಡಿದವಳಲ್ಲ. ನಾನು ಬರೆಯುವಾಗ ಊಟವಾಯಿತೇ ಎಂದು ಕೇಳಿದರೆ, "ನನಗಿನ್ನಾ ಹಸಿವಿಲ್ಲ, ನಿಮ್ಮದಾಗ್ಲಿ" ಎನ್ನುತ್ತಾಳೆ. ಆ ಮಾತನ್ನು ಇಷ್ಟು ವರ್ಷ ಇದ್ದದ್ದು ಇದ್ದ ಹಾಗೆ ನಂಬಿಕೊಂಡು ಬಂದಿದ್ದೇನೆ. ಇನ್ನೊಂದು ಪ್ಯಾರಾ ಬರೆದರೆ ಈ ಪ್ರಬಂಧ ಚೆನ್ನಾಗಿ ಮುಗಿಯುತ್ತದೆ, ಅದು ತಲೆಯಲ್ಲಿ ಸಿದ್ಧವಾಗಿಯೂ ಇದೆ. ಇರಲಿ. ಏಳುತ್ತೇನೆ.